ಕೈಲಾಸಂ ಅವರ ಕರ್ಣನೂ ಗ್ರೀಕರ ವಿಧಿಯೂ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳು ಒಂದರ ಹಿಂದೊಂದು ಎದುರಾಗುತ್ತವೆ. ಹೆಸರುಗಳಲ್ಲಿಯೇ ಎಷ್ಟು ನಾಡಿನ ನೆನಪು! ಕಿಟಕಿಯ ಆಚೆಗೆ ಸೈನೈಡ್ ದಿಬ್ಬಗಳು ಬೂದಿಯ ಬೆಟ್ಟಗಳಂತೆ ಮಲಗಿವೆ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಗೆತ್ತಿಕೊಂಡ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ನೂರಿಪ್ಪತ್ತು ವರ್ಷ ಚಿನ್ನ ಕೊಟ್ಟು, 2001ರ ಫೆಬ್ರವರಿಯಲ್ಲಿ ಮುಚ್ಚಿಹೋದವು. ಚಿನ್ನ ಹೋಯಿತು, ಅದನ್ನು ಅಗೆಯಲು ಬಂದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿಯೇ ಉಳಿದರು. ತಮಿಳು, ತೆಲುಗು, ಉರ್ದು, ಇಂಗ್ಲಿಷು, ಕನ್ನಡ ಎಲ್ಲವೂ ಇಲ್ಲಿ ಒಂದೇ ಬೀದಿಯ ಮಾತು. ಇಂಥ ಊರಿನಲ್ಲಿ ಕನ್ನಡ ಪಾಠ ಹೇಳುವವನಿಗೆ, ಈ ಭಾಷೆ ಯಾರದು ಎಂಬ ಪ್ರಶ್ನೆ ಪುಸ್ತಕದಲ್ಲಿ ಬರುವುದಿಲ್ಲ. ಎದುರಿನ ಬೆಂಚಿನಲ್ಲಿ ಕುಳಿತಿರುತ್ತದೆ.

ಈಚೆಗೆ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳ ಕೈಯಲ್ಲಿ ಒಂದು ಇಂಗ್ಲಿಷ್ ಕಾದಂಬರಿ ಕಂಡಿತು. ಅಮೆರಿಕದ ರಿಕ್ ರಿಯಾರ್ಡನ್ ಎಂಬುವರು 2005ರಲ್ಲಿ ಪ್ರಕಟಿಸಿದ ಕಥಾಮಾಲೆಯ ಮೊದಲ ಪುಸ್ತಕ ಅದು. ಅದರಲ್ಲಿ ಗ್ರೀಕರ ಹಳೆಯ ದೇವತೆಗಳು ಸತ್ತಿಲ್ಲ. ಝ್ಯೂಸ್ ಮೊದಲಾದವರು ನ್ಯೂಯಾರ್ಕಿನ ಮುಗಿಲು ಮುಟ್ಟುವ ಒಂದು ಕಟ್ಟಡದ ನೆತ್ತಿಯ ಮೇಲೆ ಮನೆ ಮಾಡಿಕೊಂಡಿದ್ದಾರೆ. ಕಡಲ ದೇವತೆಯಾದ ಪೊಸೈಡನ್ನನಿಗೆ ಮಾನವ ಸ್ತ್ರೀಯಲ್ಲಿ ಹುಟ್ಟಿದ ಹುಡುಗನೊಬ್ಬ ತನ್ನ ತಂದೆ ಯಾರೆಂಬುದನ್ನೇ ಅರಿಯದೆ ಶಾಲೆಯಿಂದ ಶಾಲೆಗೆ ಅಲೆಯುತ್ತಾನೆ. ಹೀಗೆ ಗ್ರೀಕ್ ದೇವತೆಗಳು ನಮ್ಮ ಕಾಲಕ್ಕೆ, ನಮ್ಮ ಭಾಷೆಗೆ ಬಂದದ್ದುಂಟೆ ಎಂದು ಆ ಹುಡುಗಿ ಕೇಳಿದಳು. ಅವಳ ಮನೆಮಾತು ತಮಿಳು. ಪರೀಕ್ಷೆಗೆಂದು ಕಲಿತದ್ದು ಕನ್ನಡ. ದೇವತೆಗೆ ಹುಟ್ಟಿಯೂ ತಂದೆಯನ್ನರಿಯದ ಮಗನ ಕಥೆ ನಮಗೆ ಹೊಸತಲ್ಲ, ಅವನನ್ನು ನಾವು ಕರ್ಣನೆನ್ನುತ್ತೇವೆ ಎಂದು ಆಗ ಹೇಳಿ ಸುಮ್ಮನಾದೆ. ಅದು ಅರ್ಧ ಉತ್ತರ. ಉಳಿದರ್ಧವನ್ನು ಹೇಳಬೇಕಾದರೆ ಒಬ್ಬ ಮಹನೀಯರ ಬಾಳನ್ನೇ ಹೇಳಬೇಕು. ಅವರು ಟಿ. ಪಿ. ಕೈಲಾಸಂ.

ಗ್ರೀಕ್ ನಾಟಕವನ್ನು ಕನ್ನಡಿಗರ ಮನೆಯಂಗಳಕ್ಕೆ ಕರೆತಂದವರೆಂದರೆ ಮೊದಲು ನೆನಪಾಗುವುದು ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು. ಸಾಫಕ್ಲೀಸನ 'ಏಜಾಕ್ಸ್' ನಾಟಕದ ಅಚ್ಚಿನಲ್ಲಿ ಅವರು 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಿಸಿದರು. ಕೈಲಾಸಂ ಅವರು ಹಿಡಿದದ್ದು ಬೇರೆಯ ದಾರಿ. ವಿಚಿತ್ರವೆಂದರೆ ಇಬ್ಬರೂ 1884ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡವರು. ಒಬ್ಬರು ಶಿಸ್ತಿನ ಆಚಾರ್ಯರು, ಇನ್ನೊಬ್ಬರು ಯಾವ ಶಿಸ್ತಿಗೂ ಸಿಗದ ಸ್ವಚ್ಛಂದ ಜೀವಿ. ಗ್ರೀಕರಿಂದ ಇಬ್ಬರೂ ತಂದದ್ದು ಮಾತ್ರ ಒಂದೇ: ದೇವತೆಗಳನ್ನಲ್ಲ, ಆ ದೇವತೆಗಳ ಎದುರು ನಿಂತ ಮನುಷ್ಯನನ್ನು.

ಕೈಲಾಸಂ ಅವರು ಹುಟ್ಟಿದ್ದು 1884ರ ಜುಲೈ 29ರಂದು, ತಮಿಳು ಮನೆಮಾತಿನ ಒಂದು ಸುಸಂಸ್ಕೃತ ಕುಟುಂಬದಲ್ಲಿ. ತಂದೆ ತ್ಯಾಗರಾಜ ಪರಮಶಿವ ಅಯ್ಯರ್ ಅವರು ಮೈಸೂರು ಸಂಸ್ಥಾನದ ಮುಖ್ಯ ನ್ಯಾಯಾಲಯದ ನ್ಯಾಯಾಧೀಶರು, ತಾಯಿ ಕಮಲಮ್ಮನವರು. ಮಗನ ಹೆಸರು ಇಂದು ಮನೆಮಾತಾಗಿರುವುದರಿಂದ ತಂದೆಯ ವಿದ್ವತ್ತು ಮರೆಯಾಗಿದೆ. ಪರಮಶಿವ ಅಯ್ಯರ್ ಅವರು ನ್ಯಾಯಪೀಠದಿಂದ ಇಳಿದ ಮೇಲೆ ವೇದವನ್ನೂ ಭೂಗರ್ಭಶಾಸ್ತ್ರವನ್ನೂ ಒಟ್ಟಿಗೆ ಓದುತ್ತಿದ್ದವರು. ಋಗ್ವೇದದ ಋಕ್ಕುಗಳ ಮೇಲೆ ಅವರು 1911ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ವೇದದ ದೇವತೆಗಳ ಕಥೆಗಳೆಲ್ಲ ಈ ಭೂಮಿ ಹಿಂದೆಂದೋ ಹೊಸರೂಪ ತಾಳಿದಾಗ ನಡೆದ ಪ್ರಕೃತಿ ವ್ಯಾಪಾರಗಳ ರೂಪಕಗಳು ಎಂಬುದು ಅದರ ವಾದ. ಶ್ರೀ ಅರವಿಂದರು ತಮ್ಮ ವೇದರಹಸ್ಯದ ಲೇಖನಗಳಲ್ಲಿ ಈ ವಾದವನ್ನು ಹೆಸರಿಸಿ ಚರ್ಚಿಸಿದ್ದಾರೆ. ಮುಂದೆ 1940ರಲ್ಲಿ ಅಯ್ಯರ್ ಅವರು ರಾಮಾಯಣವನ್ನು ಕುರಿತು ಮತ್ತೊಂದು ಗ್ರಂಥ ಬರೆದು, ರಾವಣನ ಲಂಕೆ ಸಮುದ್ರದಾಚೆಯ ದ್ವೀಪವಲ್ಲ, ಮಧ್ಯ ಭಾರತದಲ್ಲಿಯೇ ಇದ್ದ ಸ್ಥಳವೆಂದು ವಾದಿಸಿದರು. ಈ ವಾದಗಳನ್ನು ಒಪ್ಪುವುದು ಬಿಡುವುದು ಬೇರೆಯ ಮಾತು. ದೇವತೆಗಳನ್ನು ಆಕಾಶದಿಂದ ಇಳಿಸಿ ನೆಲದಲ್ಲಿ ಹುಡುಕುವ ಒಂದು ಮನೆಯಲ್ಲಿ ಕೈಲಾಸಂ ಬೆಳೆದರು ಎಂಬುದಷ್ಟೇ ನಮಗೆ ಮುಖ್ಯ. ತಂದೆಯವರು ದೇವತೆಗಳ ಹಿಂದೆ ಕಲ್ಲುಮಣ್ಣುಗಳನ್ನು ಕಂಡರು. ಕಲ್ಲುಮಣ್ಣುಗಳ ಶಾಸ್ತ್ರವನ್ನೇ ಕಲಿತ ಮಗನು ಅವರ ಹಿಂದೆ ಮನುಷ್ಯರನ್ನು ಕಂಡನು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ ಕೈಲಾಸಂ, ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸಿಗೆ ಹೋದರು. ಅಲ್ಲಿ ಹಗಲು ಶಿಲೆಗಳ ಸಹವಾಸ, ಸಂಜೆ ನಾಟಕಶಾಲೆಗಳ ಸಹವಾಸ. ಪಾಠದಲ್ಲಿಯೂ ಅವರು ಹಿಂದೆ ಬೀಳಲಿಲ್ಲ; ಹಲವು ಪರೀಕ್ಷೆಗಳಲ್ಲಿ ಪ್ರಥಮ ದರ್ಜೆ ಗಳಿಸಿದರು. ಆದರೆ ಆ ಮಹಾನಗರದಿಂದ ಅವರು ಹೊತ್ತು ತಂದ ನಿಜವಾದ ಗಂಟು ರಂಗಭೂಮಿಯದು. ದೊಡ್ಡ ನಟರ ಗಂಭೀರ ನಾಟಕಗಳನ್ನೂ, ಸಾಮಾನ್ಯ ಜನ ನಕ್ಕು ಕುಣಿಯುವ ಹಾಡುಕೂಟಗಳನ್ನೂ ಅವರು ಒಂದೇ ಆಸಕ್ತಿಯಿಂದ ನೋಡಿದರು. ಅಲ್ಲಿ ಕೇಳಿದ ಒಂದು ಲಘುಗೀತದ ಧಾಟಿಯೇ ಮುಂದೆ ಕನ್ನಡದಲ್ಲಿ 'ಕೋಳೀಕೆ ರಂಗ'ನಾಗಿ ನಾಡಿನ ಬಾಯಲ್ಲೆಲ್ಲ ನಲಿಯಿತು. ಪರದೇಶದ ವಸ್ತುವನ್ನು ತಂದು, ಅದು ಪರದೇಶದ್ದೆಂಬ ಗುರುತೇ ಉಳಿಯದಂತೆ ನಮ್ಮ ಹಳ್ಳಿಗನ ಮೈಗೆ ತೊಡಿಸುವ ಜಾಣ್ಮೆ ಆ ಒಂದು ಹಾಡಿನಲ್ಲಿಯೇ ಕಾಣುತ್ತದೆ.

1915ರಲ್ಲಿ ತಾಯ್ನಾಡಿಗೆ ಮರಳಿದ ಅವರು ಮೈಸೂರು ಸರ್ಕಾರದ ಭೂಗರ್ಭ ಇಲಾಖೆಯನ್ನು ಸೇರಿದರು. 1894ರಲ್ಲಿ ಸ್ಥಾಪನೆಯಾದ ಈ ಇಲಾಖೆಗೆ ಆಗ ಸ್ಮೀತ್ ಎಂಬ ಆಂಗ್ಲ ವಿಜ್ಞಾನಿಯ ಹಿರಿತನವಿತ್ತು. ಸಂಸ್ಥಾನದ ಶಿಲೆಗಳ ವಿಷಯ ಬಂದರೆ ಕೋಲಾರದ ಚಿನ್ನದ ಮಾತು ಬಾರದೆ ಇರುವುದಿಲ್ಲ. ಗಣಿಯಿಂದ ಬರುತ್ತಿದ್ದ ರಾಜಧನ ಮೈಸೂರಿನ ಬೊಕ್ಕಸಕ್ಕೆ ಒಂದು ದೊಡ್ಡ ಆಸರೆ. ಗಣಿಯ ಸುರಂಗಗಳಿಗೆ ಬೇಕಾದ ವಿದ್ಯುತ್ತು 1902ರಿಂದಲೂ ಶಿವನಸಮುದ್ರದಿಂದ ಹರಿದುಬರುತ್ತಿತ್ತು. ಬೌರಿಂಗ್‌ಪೇಟೆ ಎಂಬ ದೊರೆತನದ ಹೆಸರನ್ನು ಹೊತ್ತಿದ್ದ ನಮ್ಮ ಬಂಗಾರಪೇಟೆ, ಚಿನ್ನದ ಸೀಮೆಗೆ ಹೋಗುವವರೆಲ್ಲ ರೈಲು ಬದಲಿಸುವ ಹೆಬ್ಬಾಗಿಲಾಗಿತ್ತು. ಆ ಕಾಲದಲ್ಲಿ ವಿಲಾಯತಿಯಲ್ಲಿ ಓದಿ ಬಂದ ಒಬ್ಬ ಭೂಗರ್ಭಶಾಸ್ತ್ರಿಗೆ ಎಂಥ ಭವಿಷ್ಯ ಕಾದಿತ್ತೆಂಬುದನ್ನು ವಾಚಕರು ಊಹಿಸಬಹುದು. ಸಂಬಳ, ಬಡ್ತಿ, ಬಂಗಲೆ, ಗೌರವ ಯಾವುದಕ್ಕೂ ಕೊರತೆಯಿರಲಿಲ್ಲ.

ಕೈಲಾಸಂ ಅವರು ಅದೆಲ್ಲವನ್ನೂ ಬಿಟ್ಟರು. ಕೆಲವು ವರ್ಷ ಕೆಲಸ ಮಾಡಿ, ಅಧಿಕಾರದ ಕಟ್ಟುಪಾಡು ತಮಗೆ ಒಗ್ಗದೆಂದು ಕಂಡಾಗ ಹೊರಗೆ ಬಂದರು. ಅವರ ಮನೆಯವರಿಗೆ ಇದು ಎಷ್ಟು ನೋವಿನ ವಿಷಯವಾಗಿದ್ದೀತು! ನ್ಯಾಯಾಧೀಶರ ಮಗ, ಲಂಡನ್ನಿನ ಪದವೀಧರ, ಕೈಯಲ್ಲಿದ್ದ ಚಿನ್ನದಂಥ ಉದ್ಯೋಗವನ್ನು ಕಳೆದುಕೊಂಡು, ಹುಡುಗರ ಗುಂಪಿನ ನಡುವೆ ಕುಳಿತು ನಾಟಕ ಹೇಳುತ್ತಾನೆಂದರೆ ಲೋಕ ಏನೆಂದೀತು? ತಂದೆಯವರ ದೊಡ್ಡ ಮನೆ ಬೆಂಗಳೂರಿನಲ್ಲಿ 'ವೈಟ್ ಹೌಸ್' ಎಂದು ಹೆಸರಾಗಿತ್ತು. ಮಗನ ನೆಲೆಗೆ ಅವರೇ ಇಟ್ಟುಕೊಂಡ ಹೆಸರು 'ನೂಕ್', ಎಂದರೆ ಮೂಲೆ. ಕಾಗದ ಪುಸ್ತಕ ಸಿಗರೇಟಿನ ಬೂದಿಗಳ ನಡುವೆ, ಗುಡಿಸಿದವರಿಲ್ಲದ ಆ ಮೂಲೆಯಲ್ಲಿ ಕನ್ನಡದ ಹೊಸ ನಾಟಕ ಹುಟ್ಟಿತು.

ಹುಟ್ಟಿತು ಎನ್ನಬೇಕೇ ಹೊರತು ಬರೆಯಲ್ಪಟ್ಟಿತು ಎನ್ನುವಂತಿಲ್ಲ. ಕೈಲಾಸಂ ಅವರು ಲೇಖನಿ ಹಿಡಿದು ಕೂರುವವರಲ್ಲ. ನಾಟಕವನ್ನು ಮನಸ್ಸಿನಲ್ಲಿಯೇ ಕಟ್ಟಿ, ಎಲ್ಲ ಪಾತ್ರಗಳ ಧ್ವನಿಯನ್ನೂ ತಾವೇ ತೆಗೆದು, ಅಡಿಯಿಂದ ಮುಡಿಯವರೆಗೆ ಒಪ್ಪಿಸುತ್ತಿದ್ದರು. ಸುತ್ತ ಕುಳಿತ ಗೆಳೆಯರೂ ಶಿಷ್ಯರೂ ಬರೆದುಕೊಂಡರೆ ಉಳಿಯಿತು, ಇಲ್ಲದಿದ್ದರೆ ಗಾಳಿಗೆ ಹೋಯಿತು. ಕೇಳಿದವರು ಮಾತ್ರ ಬಲ್ಲ, ಅಚ್ಚಿಗೆ ಬಾರದೆ ಹೋದ ನಾಟಕಗಳು ಹಲವಾರು. ಕೃತಿಯನ್ನು ಹೀಗೆ ಚೆಲ್ಲಿದ್ದು ಪ್ರತಿಭೆಯ ಔದಾರ್ಯವೋ, ಪ್ರತಿಭೆಯ ಮೇಲಿನ ಅನಾದರವೋ ಹೇಳುವುದು ಕಷ್ಟ. ನಷ್ಟ ಮಾತ್ರ ಕನ್ನಡಕ್ಕೆ ಆಯಿತು.

1918ರ 'ಟೊಳ್ಳುಗಟ್ಟಿ'ಯಿಂದ ಆರಂಭವಾದ ಈ ನಾಟಕಗಳು ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿದವು. ಆವರೆಗೆ ನಮ್ಮ ರಂಗದ ಮೇಲೆ ಕಿರೀಟವಿಲ್ಲದೆ ಯಾರೂ ಕಾಲಿಡುತ್ತಿರಲಿಲ್ಲ. ಝಗಝಗಿಸುವ ಪರದೆ, ಹಾಡಿನ ಮೇಲೆ ಹಾಡು, ಗ್ರಾಂಥಿಕ ಭಾಷೆ, ದೇವಲೋಕದ ವೈಭವ. ಕೈಲಾಸಂ ಅವರು ಪರದೆ ಸರಿಸಿ ತೋರಿಸಿದ್ದು ಬೆಂಗಳೂರಿನ ಒಂದು ನಡುಮನೆಯನ್ನು. ಅಲ್ಲಿ ಕೋಟು ಕಚ್ಚೆಗಳ ವಕೀಲನಿದ್ದಾನೆ, ಇಂಗ್ಲಿಷನ್ನು ಕನ್ನಡದೊಳಕ್ಕೆ ಕಲಸಿ ಆಡುವ ಯುವಕನಿದ್ದಾನೆ, ಮಡಿಯುಟ್ಟ ಅಜ್ಜಿಯಿದ್ದಾಳೆ, ಮನೆಯಾಳಿದ್ದಾನೆ. 'ಬಂಡ್ವಾಳ್ವಿಲ್ಲದ ಬಡಾಯಿ'ಯ ಅಹೋಬ್ಲು, 'ಪೋಲಿ ಕಿಟ್ಟಿ'ಯ ಕಿಟ್ಟಿ, 'ಹೋಂ ರೂಲು', 'ಬಹಿಷ್ಕಾರ', 'ತಾಳೀ ಕಟ್ಟೋಕ್ಕೂಲೀನೇ' ಇವೆಲ್ಲ ನಮ್ಮ ನಗುವನ್ನು ಎಬ್ಬಿಸಿ, ನಗು ಇಳಿಯುವಷ್ಟರಲ್ಲಿ ಕಣ್ಣನ್ನು ಒದ್ದೆ ಮಾಡುವ ಕೃತಿಗಳು. ವರದಕ್ಷಿಣೆ, ಜಾತಿಯ ಕಟ್ಟು, ಹುಸಿ ವಿದ್ಯೆ, ಹೆಣ್ಣಿನ ಕಣ್ಣೀರು ಇವು ಅವುಗಳ ಒಡಲು. ಸಭ್ಯರು ಬಾಯಿಬಿಟ್ಟು ಹೇಳಲು ನಾಚುವ ಹೆಸರನ್ನೇ ಇಟ್ಟು 'ಸೂಳೆ' ಎಂಬ ನಾಟಕವನ್ನೂ ಅವರು ಕೊಟ್ಟರು. ಪ್ರಹಸನ ಪಿತಾಮಹರೆಂಬ ಬಿರುದು ನಾಡಿನ ಜನ ಅವರಿಗೆ ಪ್ರೀತಿಯಿಂದ ಕೊಟ್ಟದ್ದು.

ಆದರೆ ಈ ಬಿರುದು ಒಂದು ಅನ್ಯಾಯವನ್ನೂ ಮಾಡಿತು. ನಗಿಸುವ ಕೈಲಾಸಂ ಒಬ್ಬರೇ ಜನಮನದಲ್ಲಿ ಉಳಿದರು. ಅದೇ ಮೂಲೆಯಲ್ಲಿ ಕುಳಿತು ರಾಮಾಯಣ ಮಹಾಭಾರತಗಳ ವೀರರನ್ನು ಇಂಗ್ಲಿಷಿನಲ್ಲಿ ಕಡೆಯುತ್ತಿದ್ದ ಇನ್ನೊಬ್ಬ ಕೈಲಾಸಂ ಮರೆಗೆ ಸರಿದರು. 1933ರಲ್ಲಿ ಅವರ ಇಂಗ್ಲಿಷ್ ಕೃತಿಗಳ ಸಂಗ್ರಹ ಹೊರಬಂದಿತು. ತಂದೆ ಸತ್ತ ಸುದ್ದಿಯನ್ನು ಅರಿಯದೆ ಅಯೋಧ್ಯೆಗೆ ಮರಳುವ ಭರತನ ಎದೆಯ ಭಾರ ಅವರ ಒಂದು ಕಿರುನಾಟಕದ ವಸ್ತು. ಮತ್ತೊಂದರಲ್ಲಿ ಕುರುಕ್ಷೇತ್ರಕ್ಕೆ ಕೌರವರ ಪಕ್ಷದಲ್ಲಿ ಹೊರಟು ನಿಂತ ಏಕಲವ್ಯನನ್ನು ಶ್ರೀಕೃಷ್ಣ ತಡೆಯಲು ಬರುತ್ತಾನೆ. ಮಾತಿನಿಂದ ತಡೆಯಲಾರದೆ, ಬೆನ್ನಿಗೆ ಇರಿದು ಕೊಲ್ಲುತ್ತಾನೆ. ಮಗನ ಸಾವಿನ ಶೋಕವನ್ನು ಉಣ್ಣಬಾರದೆಂದು ಅವನ ತಾಯಿಯನ್ನೂ ಕೊಲ್ಲುತ್ತಾನೆ. ಭಕ್ತಿಯಿಂದ ಕೃಷ್ಣಕಥೆ ಕೇಳಿ ಬೆಳೆದವರಿಗೆ ಇದು ಎದೆ ನಡುಗಿಸುವ ಚಿತ್ರ. ದೇವರು ಕರುಣಾಳುವೂ ಹೌದು, ಕಠೋರನೂ ಹೌದು. ಅವನ ಲೆಕ್ಕ ಮನುಷ್ಯನಿಗೆ ತಿಳಿಯದು. ಈ ಭಾವ ನಮ್ಮ ಹರಿಕಥೆಯದಲ್ಲ, ಗ್ರೀಕ್ ರಂಗಸ್ಥಳದ್ದು. ದೇವತೆಯ ಹೆಸರು ನಮ್ಮದು. ಆ ದೇವತೆಯ ಎದುರಿಗೆ ಬೀಸುವ ಗಾಳಿ ಅಥೆನ್ಸಿನದು.

1944ರಲ್ಲಿ ಪ್ರಕಟವಾದ ನಾಟಕದಲ್ಲಿ ಅದೇ ಏಕಲವ್ಯನ ಬಾಲ್ಯವಿದೆ. ಅರ್ಜುನ ಬಿಲ್ವಿದ್ಯೆಯನ್ನು ಕಲಿಯುವುದು ಲೋಕದ ಮೊದಲ ಬಿಲ್ಗಾರನಾಗಲು; ಬೇಡರ ಹುಡುಗನಾದ ಏಕಲವ್ಯ ಕಲಿಯಲು ಬಯಸುವುದು ತೋಳಗಳ ಬಾಯಿಂದ ಜಿಂಕೆಯ ಮರಿಗಳನ್ನು ಉಳಿಸಲು. ಹೆಬ್ಬೆರಳನ್ನು ಗುರುದಕ್ಷಿಣೆಯಾಗಿ ಕೊಟ್ಟಾಗ ಅವನು ಕಳೆದುಕೊಳ್ಳುವುದು ಕೀರ್ತಿಯನ್ನಲ್ಲ, ಆ ಮೂಗುಪ್ರಾಣಿಗಳನ್ನು ಕಾಯುವ ಶಕ್ತಿಯನ್ನು. ಈಗ 'ಟೊಳ್ಳುಗಟ್ಟಿ'ಯ ಇಬ್ಬರು ಅಣ್ಣತಮ್ಮಂದಿರನ್ನು ನೆನೆಯೋಣ. ಪುಟ್ಟು ಪರೀಕ್ಷೆಗಳಲ್ಲಿ ತೇರ್ಗಡೆಯಾಗುವವನು. ಮಾಧು ಪರೀಕ್ಷೆಯಲ್ಲಿ ಸೋತು, ಮನೆಯವರಿಗೆ ಕಷ್ಟ ಬಂದಾಗ ನೆರವಾಗುವವನು. ವಿದ್ಯೆ ತನಗಾಗಿಯೋ ಪರರಿಗಾಗಿಯೋ ಎಂಬ ಪ್ರಶ್ನೆ ಎರಡು ನಾಟಕಗಳಲ್ಲಿಯೂ ಒಂದೇ. ಒಂದರಲ್ಲಿ ಅದು ಬೆಂಗಳೂರಿನ ಪಡಸಾಲೆಯಲ್ಲಿ ನಗುತ್ತದೆ. ಇನ್ನೊಂದರಲ್ಲಿ ದ್ವಾಪರಯುಗದ ಕಾಡಿನಲ್ಲಿ ನೆತ್ತರು ಸುರಿಸುತ್ತದೆ. ಇಬ್ಬರು ಕೈಲಾಸಂ ಇದ್ದರೆಂದು ಬಗೆಯುವುದು ತಪ್ಪು. ಪುರಾಣದ ಏಕಲವ್ಯನೇ ಅವರ ಕಣ್ಣಿಗೆ ಬಸವನಗುಡಿಯ ಬೀದಿಯಲ್ಲಿ ಮಾಧುವಾಗಿ ಓಡಾಡುತ್ತಿದ್ದನು.

ಇನ್ನು ಕರ್ಣ. ಅವರ ಬಾಳಿನ ಕಡೆಯ ವರ್ಷವಾದ 1946ರಲ್ಲಿ ಪ್ರಕಟವಾದ ಈ ಐದಂಕದ ಇಂಗ್ಲಿಷ್ ನಾಟಕಕ್ಕೆ ಬ್ರಾಹ್ಮಣನ ಶಾಪವೆಂಬ ಅರ್ಥದ ಹೆಸರೂ ಉಂಟು. ಹೆಸರಿನ ಕೆಳಗೆ ಕವಿ ತಾವೇ ಸಾಫಕ್ಲೀಸನನ್ನು ನೆನೆದಿದ್ದಾರೆ. ಆ ಮಹಾಕವಿಯ ಪ್ರಭಾವದ ಒಂದು ಮುದ್ರೆ ಇದು ಎಂಬುದು ಅಲ್ಲಿನ ಭಾವ. ಸಾಲವನ್ನು ಹೀಗೆ ಮುಖಪುಟದಲ್ಲಿಯೇ ಒಪ್ಪಿಕೊಳ್ಳುವ ಪ್ರಾಮಾಣಿಕತೆ ಎಲ್ಲರಲ್ಲಿಯೂ ಇರುವುದಿಲ್ಲ.

ಸಾಫಕ್ಲೀಸನ ಈಡಿಪಸನನ್ನು ಬಲ್ಲವರಿಗೆ ಕರ್ಣನೊಡನೆ ಅವನ ಸಾಮ್ಯ ಹೊಳೆಯದೆ ಇರದು. ಇಬ್ಬರೂ ಹುಟ್ಟಿದೊಡನೆ ಹೆತ್ತವರಿಂದ ಬಿಡಲ್ಪಟ್ಟವರು; ಒಬ್ಬನನ್ನು ಬೆಟ್ಟದ ಮೇಲೆ, ಇನ್ನೊಬ್ಬನನ್ನು ಹೊಳೆಯ ಮೇಲೆ. ಇಬ್ಬರೂ ಪರರ ಮನೆಯಲ್ಲಿ ಬೆಳೆದು, ತಮ್ಮ ಹುಟ್ಟಿನ ಗುಟ್ಟು ತಿಳಿದಾಗ ಬದುಕಿನ ಬುಡವನ್ನೇ ಕಳೆದುಕೊಂಡವರು. 'ದೊರೆ ಈಡಿಪಸ್' ನಾಟಕದಲ್ಲಿ ಅಪೊಲೊ ದೇವತೆ ರಂಗದ ಮೇಲೆ ಬರುವುದೇ ಇಲ್ಲ. ಅವನ ನುಡಿಯೊಂದೇ ಬರುತ್ತದೆ, ಅದೇ ಎಲ್ಲವನ್ನೂ ನಡೆಸುತ್ತದೆ. ಕೈಲಾಸಂ ಅವರು ಹಿಡಿದ ಸೂತ್ರವೂ ಇದೇ. ಜಾತಿಯನ್ನು ಮರೆಸಿ ವಿದ್ಯೆ ಕಲಿತ ಶಿಷ್ಯನಿಗೆ ಪರಶುರಾಮ ಕೊಟ್ಟ ಶಾಪ, ಮೂಲ ಭಾರತದಲ್ಲಿ, ಕಡೆಗಾಲದ ಒಂದು ಗಳಿಗೆಗೆ ಮೀಸಲಾದದ್ದು. ಕೈಲಾಸಂ ಅವರು ಆ ನುಡಿಯನ್ನು ಕರ್ಣನ ಇಡೀ ಬಾಳಿನ ಮೇಲೆ ಹರಡಿದರು. ಸ್ವಯಂವರ ಮಂಟಪದಲ್ಲಿ, ದ್ರೌಪದಿಗೆ ಮಾನಭಂಗವಾಗುವ ಸಭೆಯಲ್ಲಿ, ತನ್ನ ಹಿರಿಮೆಯನ್ನು ತೋರಬೇಕಾದ ಮುಖ್ಯ ಗಳಿಗೆಗಳಲ್ಲಿ, ಆ ನುಡಿ ಬಂದು ಅವನ ಕೈಯನ್ನೂ ಬುದ್ಧಿಯನ್ನೂ ಮರಗಟ್ಟಿಸುತ್ತದೆ. ಕರ್ಣನು ಕೆಟ್ಟವರೊಡನೆ ಸೇರಿ ಕೆಟ್ಟವನಾದವನಲ್ಲ. ಒಳ್ಳೆಯವನಾಗಿಯೂ ಒಳ್ಳೆಯದನ್ನು ಮಾಡಲಾರದೆ ಹೋದವನು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಈಡಿಪಸನ ವಿಧಿ ಅವನು ಹುಟ್ಟುವ ಮೊದಲೇ ಬರೆದಿದ್ದದ್ದು; ಅದಕ್ಕೆ ಅವನು ಏನೂ ಮಾಡಬೇಕಾಗಿರಲಿಲ್ಲ. ಕರ್ಣನ ಶಾಪಕ್ಕೆ ಅವನ ಒಂದು ಸುಳ್ಳು ಕಾರಣ. ಆ ಸುಳ್ಳಿಗೆ ಕಾರಣ ಯಾವುದು? ಸೂತನ ಮಗನಿಗೆ ವಿದ್ಯೆಯ ಬಾಗಿಲನ್ನು ಮುಚ್ಚಿದ ಸಮಾಜ. ಗ್ರೀಸಿನಲ್ಲಿ ದೇವತೆಗಳು ಮಾಡಿದ ಕೆಲಸವನ್ನು ನಮ್ಮಲ್ಲಿ ಜಾತಿ ಮಾಡಿತು. ಅಪೊಲೊವಿನ ಪೀಠದಲ್ಲಿ ಕೈಲಾಸಂ ಅವರು ಕೂರಿಸಿದ್ದು ನಮ್ಮ ದೇವತೆಯನ್ನಲ್ಲ, ನಮ್ಮ ಕಟ್ಟಳೆಯನ್ನು ಎಂಬುದು ನನ್ನ ತಿಳಿವಳಿಕೆ. 'ಬಹಿಷ್ಕಾರ'ವನ್ನು ಬರೆದ ಕೈಯೇ ಇದನ್ನೂ ಬರೆದದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕನ್ನಡದ ನೆಲವೂ ಇಂಥ ಕರ್ಣನಿಗೆ ಸಿದ್ಧವಾಗಿಯೇ ಇತ್ತು. ಅರ್ಜುನನನ್ನು ನಾಯಕನನ್ನಾಗಿ ಮಾಡಿಯೂ ಕರ್ಣನಿಗಾಗಿ ಕರಗಿದವನು ಪಂಪ. ದುರ್ಯೋಧನನ ಕೇಡಿನಲ್ಲಿ ಮಹತ್ತನ್ನು ಕಂಡವನು ರನ್ನ. ಸೋತವನ ಬಳಿ ಹೋಗಿ ನಿಲ್ಲುವುದು ನಮ್ಮ ಆದಿಕವಿಗಳೇ ಹಾಕಿಕೊಟ್ಟ ಮೇಲ್ಪಂಕ್ತಿ.

ಹಾಗಾದರೆ ಈ ಕರ್ಣ ಕನ್ನಡವನ್ನು ಏಕೆ ಆಡಲಿಲ್ಲ? ಕೈಲಾಸಂ ಅವರ ಮೇಲಿನ ನಿಜವಾದ ದೂರು ಇದೇ. ಅಹೋಬ್ಲುವಿಗೆ ಕನ್ನಡ, ಕರ್ಣನಿಗೆ ಇಂಗ್ಲಿಷ್. ಅದೂ ಹಳೆಯ ಆಂಗ್ಲ ನಾಟಕಕಾರರ ಬಿಗುವಾದ ಇಂಗ್ಲಿಷ್. ದಿನಬಳಕೆಯ ಮಾತಿನ ಹಾಸ್ಯದಲ್ಲಿ ಮುಳುಗಿದ್ದ ಅವರಿಗೆ, ಅದೇ ಮಾತಿನಲ್ಲಿ ವೀರರನ್ನು ನಿಲ್ಲಿಸಿದರೆ ಅವರ ಎತ್ತರ ಕುಗ್ಗೀತೆಂಬ ಅಳುಕು ಇದ್ದಿರಬಹುದು. ವೀರರಿಗೂ ನಮಗೂ ನಡುವೆ ಒಂದು ದೂರ ಬೇಕೆಂದು ತೋರಿರಬಹುದು. ಕಾರಣ ಏನೇ ಇರಲಿ, ಫಲ ಶೋಚನೀಯ. ಅವರ ಪ್ರಹಸನಗಳನ್ನು ಬಾಯಿಪಾಠ ಹೇಳುವ ನಾಡಿನಲ್ಲಿ ಅವರ ಕರ್ಣನನ್ನು ಓದಿದವರು ಕೆಲವರೇ. ಅನುವಾದದ ಯತ್ನಗಳು ನಡೆದಿದ್ದರೂ ಆ ನಾಟಕಗಳು ಕನ್ನಡ ರಂಗದಲ್ಲಿ ಬೇರೂರಲಿಲ್ಲ. ಈ ವಿಷಯದಲ್ಲಿ ಆಚಾರ್ಯ ಶ್ರೀಯವರದು ಹೆಚ್ಚಿನ ಧೈರ್ಯ. ಚಿರಂಜೀವಿಯೆಂದು ಪುರಾಣ ಹಾಡಿದ ಅಶ್ವತ್ಥಾಮನನ್ನು ಅವರು ಏಜಾಕ್ಸನಂತೆ ಸಾಯಿಸಿದರು. ಸಂಪ್ರದಾಯಸ್ಥರ ಆಕ್ಷೇಪಕ್ಕೆ ಗುರಿಯಾದರು. ಆದರೆ ಅವನನ್ನು ಕನ್ನಡದಲ್ಲಿಯೇ ಸಾಯಿಸಿದರು. ಮುಂದೆ ಲಂಕೇಶರು ಈಡಿಪಸನನ್ನೇ ನೇರವಾಗಿ ಕನ್ನಡಕ್ಕೆ ತಂದಾಗ ಆ ದಾರಿ ಇನ್ನಷ್ಟು ಅಗಲವಾಯಿತು. ಕೈಲಾಸಂ ಅವರ ವೀರರು ಮಾತ್ರ ನಮ್ಮ ಹೊಲದಲ್ಲಿಯೇ ಇದ್ದೂ ಅಗೆಯದೆ ಬಿಟ್ಟ ಗಣಿಯಾಗಿ ಉಳಿದರು.

ಕನ್ನಡಿಗರು ಅವರನ್ನು ಗೌರವಿಸದೆ ಬಿಡಲಿಲ್ಲ. 1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ತಾವು ವಿದ್ಯಾರ್ಥಿಯಾಗಿ ಕಲ್ಲುಗಳನ್ನು ಓದಿದ ಊರಿಗೆ, ತಮಿಳು ಮನೆಮಾತಿನ ಮನುಷ್ಯ, ಕನ್ನಡದ ಅಧ್ಯಕ್ಷರಾಗಿ ಮರಳಿದರು. ಕನ್ನಡದ ಚರಿತ್ರೆಯಲ್ಲಿ ಇದಕ್ಕಿಂತ ಹೆಮ್ಮೆಪಡುವ ಗಳಿಗೆಗಳು ಹೆಚ್ಚಿಲ್ಲ. ಯಾರೂ ಅವರ ಮನೆಮಾತನ್ನು ಕೇಳಲಿಲ್ಲ. ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಬೆಂಗಳೂರಿನ ಮನೆಗಳ ಕನ್ನಡವನ್ನು ಅಲ್ಲಿ ಹುಟ್ಟಿದವರಿಗಿಂತ ಚೆನ್ನಾಗಿ ಕೇಳಿಸಿಕೊಂಡ ಕಿವಿ ಅದು. ಹೊರಗಿನಿಂದ ಬಂದುದರಿಂದಲೇ ಆ ಕಿವಿ ಅಷ್ಟು ಚುರುಕಾಗಿದ್ದಿತೋ ಏನೋ.

ಮರುವರ್ಷ, 1946ರಲ್ಲಿ, ಅವರು ತೀರಿಕೊಂಡರು. ಅದೇ ವರ್ಷದ ಜನವರಿಯಲ್ಲಿ ಆಚಾರ್ಯ ಶ್ರೀಯವರು ಧಾರವಾಡದಲ್ಲಿ ಕಣ್ಣು ಮುಚ್ಚಿದ್ದರು. ಒಂದೇ ವರ್ಷದಲ್ಲಿ ಕನ್ನಡ ನಾಟಕ ತನ್ನ ಎರಡು ಕಣ್ಣುಗಳನ್ನು ಕಳೆದುಕೊಂಡಿತು. ಕೀಚಕನನ್ನು ಕುರಿತು ಕೈಲಾಸಂ ಅವರು ಬಾಯಲ್ಲಿ ಹೇಳುತ್ತಿದ್ದ ನಾಟಕವನ್ನು ಶಿಷ್ಯರು ನೆನಪಿನಿಂದ ಕೂಡಿಸಿ 1949ರಲ್ಲಿ ಪ್ರಕಟಿಸಿದರು. ಎಲ್ಲರೂ ಹೇಸುವ ಕೀಚಕನಲ್ಲಿಯೂ ಅವರಿಗೆ ಒಬ್ಬ ಮನುಷ್ಯ ಕಂಡಿದ್ದನು.

ಉದ್ಯೋಗ ಉಳಿಸಿಕೊಳ್ಳಲಿಲ್ಲ, ಹಣ ಉಳಿಸಲಿಲ್ಲ, ಬರೆದದ್ದನ್ನೂ ಜೋಪಾನ ಮಾಡಲಿಲ್ಲ. ಲೋಕದ ಲೆಕ್ಕದಲ್ಲಿ ಇದು ಸೋತ ಬಾಳು. ಆದರೆ ಸೋತವರ ಎದೆಯನ್ನು ಬಗೆದು ನೋಡುವುದಕ್ಕೆ ಗೆದ್ದವರಿಂದ ಆಗುವುದಿಲ್ಲ. ಕರ್ಣನೂ ಏಕಲವ್ಯನೂ ಮಾಧುವೂ ಅವರಿಗೆ ಅಷ್ಟು ಹತ್ತಿರದವರಾದದ್ದು ಪಾಂಡಿತ್ಯದ ಬಲದಿಂದ ಮಾತ್ರವೇ ಇರಲಾರದು.

ಗಣಿ ಮುಚ್ಚಿದ ಮೇಲೆ ನಮ್ಮ ಊರಿನ ಹುಡುಗರು ಬೆಳಗಿನ ಜಾವದ ರೈಲಿಗೆ ಬಂಗಾರಪೇಟೆಯ ಮೇಲೆ ಹಾದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ತಾತನ ಕಾಲದಲ್ಲಿ ಇಳಿದ ಸುರಂಗಕ್ಕೆ ಈಗ ನೀರು ತುಂಬಿದೆ. ತಾವು ಮಾಡದ ತಪ್ಪಿಗೆ ಬಾಳಿನ ಬುಡವನ್ನು ಕಳೆದುಕೊಳ್ಳುವುದೆಂದರೆ ಏನೆಂಬುದನ್ನು ಅವರಿಗೆ ಸಾಫಕ್ಲೀಸನಿಂದ ಹೇಳಿಸಬೇಕಾಗಿಲ್ಲ. ಮುಂದಿನ ವಾರ ಆ ವಿದ್ಯಾರ್ಥಿನಿಗೆ ಉಳಿದರ್ಧ ಉತ್ತರವನ್ನು ಹೇಳಿದೆ. ದೇವತೆಗಳು ಮುಗಿಲ ಕಟ್ಟಡದ ನೆತ್ತಿಗೆ ಬಂದು ಇಳಿದರೆ ಅದು ವಿನೋದ, ಓದಬಹುದು. ಅವರ ಶಾಪ ನಮ್ಮ ನೆರೆಮನೆಯವನ ಮೇಲೆ ಬಿದ್ದದ್ದನ್ನು ಕಾಣಬಲ್ಲವನು ಕವಿ. ನಮ್ಮಲ್ಲಿ ಅಂಥವರೊಬ್ಬರಿದ್ದರು, ಅವರು ಶಿಲೆಗಳನ್ನು ಓದಿದವರು, ನಿನ್ನ ಮನೆಮಾತಿನವರು, ನಮ್ಮೆಲ್ಲರ ಕನ್ನಡದವರು.

ಅವಳು ಪುಸ್ತಕಭಂಡಾರದಿಂದ 'ಟೊಳ್ಳುಗಟ್ಟಿ'ಯನ್ನೂ ಇಂಗ್ಲಿಷಿನ ಕರ್ಣನನ್ನೂ ಒಟ್ಟಿಗೆ ತೆಗೆದುಕೊಂಡು ಹೋದಳು. ಎರಡನೆಯದನ್ನು ಕನ್ನಡದಲ್ಲಿ ಬರೆದು ನೋಡುತ್ತೇನೆಂದು ಹೇಳಿದ್ದಾಳೆ. ಬರೆಯಲಿ. ಆ ಕೆಲಸ ಇನ್ನೂ ಬಾಕಿಯಿದೆ.